ಮೂರು ಗಂಟೆಯ ಚೀಟಿ

ಕೊಡೆ ಕಾರ್ಖಾನೆಯಲ್ಲಿ ತಯಾರಾದ ಪ್ರತಿಯೊಂದು ಕೊಡೆಯನ್ನೂ ಬಿಚ್ಚಿ, ಮಡಿಸಿ ನೋಡುವುದೇ ಅವನ ಕೆಲಸ. ಹಾಗಾಗಿ ಎಲ್ಲರೂ ಅವನನ್ನು ಛತ್ರಿ ಎನ್ನುತ್ತಿದ್ದರು. ಆ ಹೆಸರಿಗೆ ತಕ್ಕ ಕಿಲಾಡಿತನ ಮಾತ್ರ ಪಾಪ, ಅವನಲ್ಲಿ ಎಳ್ಳಷ್ಟೂ ಇರಲಿಲ್ಲ.

ಅಂದು ಬೆಳಿಗ್ಗೆ ಅವನ ಮೇಜಿನ ಮೇಲೆ ಮ್ಯಾನೇಜರರ ಚೀಟಿ: 'ಮೂರು ಗಂಟೆಗೆ ಬಂದು ಕಾಣಿ.' ಹೋದ ತಿಂಗಳು ಇಂಥದ್ದೇ ಚೀಟಿ ಪಡೆದು ಮನೆಗೆ ಹೋದ, ಕೊಡೆಗೆ ಹಿಡಿ ಜೋಡಿಸುವವನು ಇನ್ನೂ ಕೆಲಸ ಹುಡುಕುತ್ತಿದ್ದ. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು. ಛತ್ರಿ ಚೀಟಿಯನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿದ.

ಮೊದಲು ಓಡಿಬಂದವರು ಉಗ್ರಾಣದ ಅಣ್ಣ. ಇಡೀ ಕಾರ್ಖಾನೆಯಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಇದ್ದದ್ದು ಅವರೊಬ್ಬರಿಗೇ. ಕಂಡವರ ಉಸಾಬರಿಗೆ ಬೇಕಾದ ಬಿಡುವೂ ಅವರಿಗಿತ್ತು. ಕಾರ್ಮಿಕ ಕಾನೂನಿನ ಪುಸ್ತಕ ಬಿಡಿಸಿ ಓದಿದರು. ಧರ್ಮ, ಬಣ್ಣ, ಹೆಣ್ಣು-ಗಂಡು, ಅಂಗವೈಕಲ್ಯ, ವಯಸ್ಸು, ಇವುಗಳ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ.

ಹೊಲಿಗೆಯ ಅಕ್ಕಂದಿರೂ ಸೇರಿ ಛತ್ರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಧರ್ಮ ಮ್ಯಾನೇಜರರದ್ದೇ, ಬಣ್ಣವೂ ಹೆಚ್ಚುಕಡಿಮೆ ಅವರದ್ದೇ. ವಯಸ್ಸು ಮೂವತ್ತೈದು. ಕಾಲೇನಾದರೂ ಕುಂಟುತ್ತದೆಯೇ ಎಂದು ಒಬ್ಬ ಅಕ್ಕ ಆಸೆಯಿಂದ ನಡೆಸಿಯೂ ನೋಡಿದಳು. ಆಸಾಮಿ ಕಲ್ಲುಗುಂಡಿನ ಹಾಗಿದ್ದ.

"ನಿನ್ನ ಹತ್ರ ಒಂದೂ ಇಲ್ವಲ್ಲೋ," ಎಂದರು ಅಣ್ಣ, ಬೇಸರದಿಂದ.

ಪಟ್ಟಿಯ ತುದಿಯಲ್ಲಿ ದಾರಿ ಸಿಕ್ಕಿತು. ಕಾರ್ಮಿಕ ಸಂಘದಲ್ಲಿದ್ದಾನೆ ಎಂದೂ ತೆಗೆಯುವಂತಿಲ್ಲ. ಯಾರಿಗೂ ಬೇಡವಾಗಿ ಎರಡು ವರ್ಷ ಖಾಲಿ ಬಿದ್ದಿದ್ದ ಕಾರ್ಯದರ್ಶಿ ಸ್ಥಾನಕ್ಕೆ ಊಟದ ಹೊತ್ತಿನಲ್ಲಿ ಛತ್ರಿ ಅವಿರೋಧವಾಗಿ ಆಯ್ಕೆಯಾದ. ಯಾರಿಗೆ ಅನ್ಯಾಯವಾದರೂ ಸುಮ್ಮನಿರುವುದಿಲ್ಲ ಎಂದು ಅಣ್ಣ ಅವನ ಕೈಯಲ್ಲಿ ಪ್ರಮಾಣ ಮಾಡಿಸಿದರು. ಕಾನೂನನ್ನೂ ಬಾಯಿಪಾಠ ಮಾಡಿಸಿದರು.

ಮೂರು ಗಂಟೆಗೆ ಮ್ಯಾನೇಜರರು ನಗುನಗುತ್ತಾ ಕೂರಿಸಿದರು. "ನಾಳೆಯಿಂದ ಉಗ್ರಾಣ ನೀವು ನೋಡ್ಕೊಳ್ಳಿ. ಸಂಬಳಾನೂ ಹೆಚ್ಚು ಮಾಡ್ತೀವಿ."

ಛತ್ರಿಗೆ ಆಗಲೇ ಫ್ಯಾನಿನ ಗಾಳಿ ಬೀಸಿದಂತಾಯಿತು. "ಮತ್ತೆ ಅಣ್ಣ, ಸಾರ್?"

"ಮನೆಗೆ. ಕೆಲಸ ಚೆನ್ನಾಗೇ ಮಾಡ್ತಾರೆ. ಆದ್ರೆ ಐವತ್ತು ದಾಟ್ತಲ್ಲ, ಚಿಕ್ಕ ವಯಸ್ಸಿನವರು ಇರ್ಲಿ ಅಂತ."

ಸುಮ್ಮನಿದ್ದರೆ ಸಾಕಿತ್ತು. ಆದರೆ ಗಾಜಿನ ಬಾಗಿಲಿನಾಚೆ ಅಣ್ಣ ಪುಸ್ತಕ ಎದೆಗವಚಿಕೊಂಡು ಇವನಿಗಾಗಿ ಕಣ್ಣುಮುಚ್ಚಿ ಬೇಡಿಕೊಳ್ಳುತ್ತಿದ್ದರು. ಛತ್ರಿ ಎದ್ದು ನಿಂತ.

"ವಯಸ್ಸಿನ ಕಾರಣಕ್ಕೆ ತೆಗೆಯೋ ಹಾಗಿಲ್ಲ ಸಾರ್. ಸಂಘದ ಕಾರ್ಯದರ್ಶಿಯಾಗಿ ಹೇಳ್ತಿದೀನಿ."

ಕೋರ್ಟು ಕಚೇರಿ ಎಂದರೆ ಹೆದರುವ ಮ್ಯಾನೇಜರರು, ಹಾಗಾದರೆ ಯಾರು ಎಲ್ಲಿದ್ದಾರೋ ಅಲ್ಲೇ ಇರಲಿ ಎಂದು ಕೈಚೆಲ್ಲಿದರು.

ಒಳಗೆ ನಡೆದದ್ದನ್ನು ಛತ್ರಿ ಯಾರಿಗೂ ಹೇಳಲಿಲ್ಲ. ಕೆಲಸ ಉಳಿಯಿತು ಎಂದಷ್ಟೇ ಹೇಳಿದ. ಅಣ್ಣ ಬೆನ್ನು ತಟ್ಟಿ, ಫ್ಯಾನು ಜೋರು ಮಾಡಿಕೊಂಡು, ಕುರ್ಚಿಯಲ್ಲಿ ಆರಾಮಾಗಿ ಒರಗಿದರು.

"ನಾನಿಲ್ದೇ ಇದ್ದಿದ್ರೆ ನಾಳೆ ನೀನು ಎಲ್ಲಿರ್ತಿದ್ದೆ ಹೇಳು?"

ಛತ್ರಿ ಆ ಕುರ್ಚಿಯನ್ನೊಮ್ಮೆ ನೋಡಿದ. ಮುಂದಿನ ಕೊಡೆ ಬಿಚ್ಚಿದ.