ಎಡಗಡೆಯ ಬಾಗಿಲು

ಹೆಣ್ಣು ನೋಡಲು ಬರುವ ದಿನ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿರುತ್ತದೆ. ಶಾಲೆಯ ಮಾಸ್ತರನಾದ ನನ್ನ ಪಾಲಿಗೆ ಬರುವುದು ಚಿಂತೆ ಮಾಡುವ ಕೆಲಸ. ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಹಿರಿಯ ಮಗಳು ಸುನಂದಾಳನ್ನು ನೋಡಲು ಬೇಡಕಿಹಾಳದವರು ಬರುವ ದಿನವಂತೂ ಬೆಳಗಿನಿಂದ ಆ ಕೆಲಸ ಬಿಡುವಿಲ್ಲದೆ ನಡೆದಿತ್ತು. ಕಾರಣ, ಆಕೆ ಆ ಹುಡುಗನನ್ನು ಯಾರದೋ ಮದುವೆಯಲ್ಲಿ ಮೊದಲೇ ನೋಡಿ ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದಳು. ಈ ಸಂಬಂಧ ತಪ್ಪಿದರೆ ಅವಳಿಗೆ ಮುಖ ತೋರಿಸುವುದು ಹೇಗೆ?

ಇಲ್ಲಿ ನನ್ನ ಹೆಂಡತಿಯ ತಮ್ಮ ರಾವಸಾಹೇಬನ ವಿಷಯ ಹೇಳಲೇಬೇಕು. ಶಿರಗುಪ್ಪಿಯಲ್ಲಿ ಅವನಿಗೆ ಕಬ್ಬಿನ ಹೊಲ. ಎಂಬತ್ತರ ದಶಕದ ಆ ದಿನಗಳಲ್ಲಿ ಉಳಿದ ಕಬ್ಬಿನವರು ಜೀಪು ಕೊಂಡರೆ ಇವನು ಸ್ಪೋರ್ಟ್ಸ್ ಕಾರು ಕೊಂಡ. ಎರಡೇ ಬಾಗಿಲು, ಗಾಡಿದಾರಿಯಲ್ಲಿ ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಅದು ಹಳತಾದಾಗ ನಿಪ್ಪಾಣಿಯ ಏಜೆಂಟನೊಬ್ಬನ ಮೂಲಕ ಯಾರಿಗೋ ದಾಟಿಸಿ, ಅದೇ ಕಂಪನಿಯ ಹೊಸ ಮಾಡೆಲ್ ತಂದಿದ್ದ. ಹಳೆಯದರ ಎಡಗಡೆಯ ಬಾಗಿಲು ಸುಮ್ಮನೆ ಎಳೆದರೆ ತೆರೆಯುತ್ತಿರಲಿಲ್ಲ. ಹಿಡಿಕೆಯನ್ನು ಮೇಲೆತ್ತಿ, ಅದರ ಕೆಳಗೆ ಮೊಣಕಾಲಿನಿಂದ ಗುದ್ದಬೇಕು. ವರ್ಷಗಟ್ಟಲೆ ಅವನ ಪಕ್ಕದಲ್ಲಿ ಕೂತು ತಿರುಗಿದ ನನಗೆ ಆ ವಿದ್ಯೆ ಚೆನ್ನಾಗಿ ಸಿದ್ಧಿಸಿತ್ತು.

ಅಂದು ರಾವಸಾಹೇಬ ಹೊಸ ಕೆಂಪು ಕಾರನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ, "ದಾಜಿ, ಬೀಗರ ಕಣ್ಣಿಗೆ ಬೀಳ್ಲಿ ಅಂತ ತಂದೀನಿ," ಎಂದ. ಅಕ್ಕನ ಗಂಡನಿಗೆ ನಮ್ಮ ಗಡಿಸೀಮೆಯಲ್ಲಿ ಮರಾಠಿಯ 'ದಾಜಿ'ಯೇ ಚಾಲ್ತಿ. ಅಷ್ಟರಲ್ಲಿ ಬೇಡಕಿಹಾಳದವರು ಬಂದರು. ಬಂದದ್ದು ಅವನ ಹಳೆಯ ಕಾರಿನಲ್ಲೇ! ಕಬ್ಬಿನ ಗಾಡಿ ತಾಗಿ ಬಿದ್ದ ಅದರ ತಗ್ಗನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ. ಡ್ರೈವರ್ ಕಡೆಯ ಒಂದೇ ಬಾಗಿಲಿನಿಂದ ಹುಡುಗ, ಅವನಪ್ಪ, ತಾಯಿ ಇಳಿದರು. ಕೊನೆಗೆ ಸ್ಟೇರಿಂಗ್ ಕೆಳಗಿನಿಂದ ನುಸುಳಿ ಹುಡುಗನ ಸೋದರತ್ತೆ ಏದುಸಿರು ಬಿಡುತ್ತ ಹೊರಬಂದರು. ದಪ್ಪನೆಯ ಹೆಂಗಸು, ಪಾಪ.

ಹುಡುಗನ ತಂದೆ ನೇರವಾಗಿ ಕೆಂಪು ಕಾರಿನ ಹತ್ತಿರ ಹೋಗಿ ಎರಡೂ ಬಾಗಿಲು ತೆರೆದು, ಮುಚ್ಚಿ ನೋಡಿದರು.

"ಏನ್ ಹಗರ ತೆರೀತಾವ್ರಿ! ನಮ್ಮದರ ಎಡಗಡೆ ಬಾಗಲಾ ತಂದಾಗಿಂದ ತೆರದಿಲ್ಲ. ಮಾರಿದಾವ ಸಿಕ್ರ ಎರಡು ಮಾತ ಕೇಳಾಂವ ಅದೀನಿ. ನಿಮಗ ಹಳೇ ಮಾಡೆಲ್ ಗೊತ್ತೈತೇನ್ರಿ?"

"ಇಲ್ರೀ, ನಾ ಅದನ್ನ ಮುಟ್ಟೇ ಇಲ್ಲ," ಎಂದುಬಿಟ್ಟ ರಾವಸಾಹೇಬ.

ನಾನು ಅವಸರದಿಂದ ಎಲ್ಲರನ್ನೂ ಒಳಗೆ ಕರೆದೆ. ಆಮೇಲೆ ಸುನಂದಾ ಯಾವ ಸೀರೆ ಉಟ್ಟು ಬಂದಳು, ಅವರು ಏನು ಕೇಳಿದರು, ಒಂದೂ ನೆನಪಿಲ್ಲ. ನಿಜ ಹೇಳಿದರೆ ಸಂಬಂಧ ಹೋಗುತ್ತದೆ, ಹೇಳದಿದ್ದರೆ ಮದುವೆ ಮಂಟಪದಲ್ಲಿ ಯಾರಾದರೂ ಹೇಳುತ್ತಾರೆ. ಎರಡನ್ನೂ ಯೋಚಿಸುತ್ತ ಉಪ್ಪಿಟ್ಟಿನ ಮೇಲೆ ಸಕ್ಕರೆ ಹಾಕಿಕೊಂಡು ತಿಂದೆ.

ಹೊರಡುವಾಗ ಸೋದರತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಮತ್ತೆ ಸ್ಟೇರಿಂಗ್ ಕೆಳಗೆ ನುಸುಳಲು ಸಿದ್ಧರಾದರು. "ತಡೀರಿ ಅಕ್ಕಾರ," ಎನ್ನುತ್ತ ನಾನು ಆಚೆ ಕಡೆ ಹೋದೆ. ಹಿಡಿಕೆ ಮೇಲೆತ್ತಿದೆ, ಮೊಣಕಾಲಿನಿಂದ ಗುದ್ದಿದೆ. ಬಾಗಿಲು ತೆರೆಯಿತು.

"ಮಾಸ್ತರ, ಈ ಬಾಗಲಾ ನಿಮಗ ಭಾಳ ಪರಿಚಯ ಐತೇನು?" ಎಂದರು ಹುಡುಗನ ತಂದೆ. ರಾವಸಾಹೇಬ ಬೆನ್ನು ತಿರುಗಿಸಿ ಹೊಸ ಕಾರಿನ ಗಾಜು ಒರೆಸತೊಡಗಿದ. ನಾನು ಎಲ್ಲ ಒದರಿಬಿಟ್ಟೆ: ಗಾಡಿ ಯಾರದು, ಮಳೆಯಲ್ಲಿ ಎಲ್ಲಿ ಸೋರುತ್ತದೆ, ಏರಿನಲ್ಲಿ ಯಾಕೆ ನಿಲ್ಲುತ್ತದೆ. ಕಿಟಕಿಯಲ್ಲಿ ಸುನಂದಾಳ ಮುಖ ಬಿಳಚಿಕೊಂಡಿತ್ತು. ಹುಡುಗನ ತಂದೆಯ ಹುಬ್ಬು ಗಂಟಾಗಿತ್ತು. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಸೋದರತ್ತೆ ಹೇಳಿದರು: "ಅಣ್ಣಾ, ಸುಮ್ನಿರು. ಈ ಮಂದೀನ್ನ ಬಿಡಬ್ಯಾಡ. ಸಂಬಂಧ ಪಕ್ಕಾ ಮಾಡು."

ಸುನಂದಾ ಅಲ್ಲಿ ಸುಖವಾಗಿದ್ದಾಳೆ. ನಾನು ಹೋದರೆ ಮಾತ್ರ ಬೀಗರು ಮೊದಲು ಕಾರಿನ ಹತ್ತಿರ ಕರೆದೊಯ್ಯುತ್ತಾರೆ, ಊಟ ಆಮೇಲೆ. ಈಗ ಕಿರಿಯ ಮಗಳಿಗೆ ಗಂಡು ಹುಡುಕುತ್ತಿದ್ದೇವೆ. ಮೊನ್ನೆ ರಾವಸಾಹೇಬ ಬಂದು, "ದಾಜಿ, ಈ ಕೆಂಪು ಗಾಡಿನೂ ಮಾರಿಬಿಡ್ತೀನಿ. ಬಾಗಲಾ ಸ್ವಲ್ಪ ಬಿಗಿ ಹಿಡದೈತಿ," ಎಂದ. ನನ್ನ ಮೊಣಕಾಲು ಈಗಿನಿಂದಲೇ ನೋಯುತ್ತಿದೆ.