ಮೇಲಿನ ಮಹಡಿಗೆ ಮೆಟ್ಟಿಲು: ವೇಳಾಪಟ್ಟಿಯ ಪ್ರಕಾರ ಪೂರ್ಣ

ಕಾಮಗಾರಿ ಯೋಜನೆ ಮತ್ತು ವೇಳಾಪಟ್ಟಿ ಶಾಖೆ
ಲಕ್ಷ್ಮೀಪುರಂ, ಮೈಸೂರು

ಸುತ್ತೋಲೆ ಸಂಖ್ಯೆ: ಕಾಯೋವೇ/ಮೆಟ್ಟಿಲು/07/2025-26
ದಿನಾಂಕ: 04-08-2025

ವಿಷಯ: ಶಾಖೆಯ ಸ್ವಂತ ಕಟ್ಟಡದ ಮೇಲಿನ ಮಹಡಿಗೆ ಮೆಟ್ಟಿಲು ಇಲ್ಲದಿರುವ ಬಗ್ಗೆ, ಹಾಗೂ ಅದು ಇದೆಯೆಂದು ವೇಳಾಪಟ್ಟಿಯಲ್ಲಿ ತೋರಿಸಿರುವ ಬಗ್ಗೆ.

ಉಲ್ಲೇಖ:
1) ಸಹಾಯಕ ಎಂಜಿನಿಯರ್ ಶ್ರೀ ಸಿದ್ದೇಶ್ ಅವರು ತಯಾರಿಸಿದ ಬಾರ್ ಚಾರ್ಟ್, ಬಣ್ಣದ್ದು.
2) ಸದರಿ ಚಾರ್ಟಿನ ತಿದ್ದುಪಡಿ, ಇನ್ನೂ ಹೆಚ್ಚು ಬಣ್ಣದ್ದು.
3) ಗುತ್ತಿಗೆದಾರ ಶ್ರೀ ಗೋವಿಂದರಾಜು ಅವರ ಬಾಯಿಮಾತು.

ಪ್ರಸ್ತಾವನೆ

ಕಟ್ಟಡ ಕಟ್ಟುವಾಗ ಯಾವ ಕೆಲಸದ ಹಿಂದೆ ಯಾವ ಕೆಲಸ ಬರಬೇಕೆಂದು ಇತರ ಕಚೇರಿಗಳಿಗೆ ತಿಳಿಹೇಳುವುದೇ ಈ ಶಾಖೆಯ ಕರ್ತವ್ಯವಾಗಿರುತ್ತದೆ. ಇಂತಹ ಶಾಖೆಯ ಸಿಬ್ಬಂದಿ ತಮ್ಮ ಮೇಜು ತಲುಪಲು ಬಿದಿರಿನ ಏಣಿ ಹತ್ತುತ್ತಿರುವುದು ದಾರಿಹೋಕರ ಗಮನಕ್ಕೆ ಬಂದಿದೆ. ವಿಷಯದ ಗಾಂಭೀರ್ಯವನ್ನು ಮನಗಂಡು ಈ ಕೆಳಗಿನಂತೆ ಸೂಚಿಸಲಾಗಿದೆ.

1. ಶ್ರೀ ಸಿದ್ದೇಶ್ ಅವರು ಕಂಪ್ಯೂಟರಿಗೆ ಹಾಕಿಕೊಟ್ಟ ಅನುಕ್ರಮದಂತೆ, ಮೇಲಿನ ಮಹಡಿಯ ಪರಿಶೀಲನೆ ಮುಗಿಯದೆ ಮೆಟ್ಟಿಲು ಕಟ್ಟುವಂತಿಲ್ಲ. ಪರಿಶೀಲನೆಗೆ ಬರುವ ಮೇಲಧಿಕಾರಿಗಳು ಮೆಟ್ಟಿಲಿಲ್ಲದೆ ಮೇಲೆ ಹೋಗುವಂತಿಲ್ಲ. ಏಣಿ ಅವರ ದರ್ಜೆಗೆ ಒಪ್ಪತಕ್ಕದ್ದಲ್ಲ. ಹೀಗೆ ನೀನು ಮೊದಲು, ನೀನು ಮೊದಲು ಎಂದು ಕುಳಿತ ಎರಡು ಕೆಲಸಗಳನ್ನು ಕಂಡು ಕಂಪ್ಯೂಟರು ಕೆಂಪಕ್ಷರದಲ್ಲಿ ಎಚ್ಚರಿಸಿತು. ಊಟದ ಹೊತ್ತಾಗಿದ್ದ ಕಾರಣ ಸಿದ್ದೇಶ್ 'ಓಕೆ' ಒತ್ತಿ ಡಬ್ಬಿ ಬಿಚ್ಚಿದರು. ಇನ್ನು ಮುಂದೆ ಇಂತಹ ಎಚ್ಚರಿಕೆಗಳನ್ನು ಊಟದ ನಂತರವೇ ನೀಡತಕ್ಕದ್ದೆಂದು ಕಂಪ್ಯೂಟರಿಗೆ ಈ ಮೂಲಕ ತಾಕೀತು ಮಾಡಲಾಗಿದೆ.

2. ಚಾರ್ಟಿನಲ್ಲಿ ಮೆಟ್ಟಿಲಿನ ಪಟ್ಟಿ ನಿಗದಿತ ದಿನದಂದು ತಾನಾಗಿಯೇ ಹಸಿರಾಯಿತು, ಅಂದರೆ ಕೆಲಸ ಮುಗಿಯಿತು. ಹಸಿರಾದ ಮೇಲೆ ಕಾಯುವುದು ನಿಯಮಬಾಹಿರವಾದ್ದರಿಂದ ಕಚೇರಿಯನ್ನು ಮೇಲಕ್ಕೆ ಸ್ಥಳಾಂತರಿಸಿ, ಬೆರಳೊತ್ತುವ ಹಾಜರಾತಿ ಯಂತ್ರವನ್ನು ಅಲ್ಲಿನ ಗೋಡೆಗೆ ಬಿಗಿಯಲಾಯಿತು. ಕೆಳ ಅಂತಸ್ತನ್ನು ಹಳೆಯ ಕಡತಗಳಿಗೆ ಬಿಟ್ಟುಕೊಡಲಾಗಿದೆ. ಅವುಗಳಿಗೆ ಸ್ಥಳಾವಕಾಶ ಸಾಲದೆಂಬ ದೂರು ಬಂದಿರುತ್ತದೆ.

3. ಗುತ್ತಿಗೆದಾರರ ಮಾತನ್ನು ವೇಳಾಪಟ್ಟಿಗೆ ಇಳಿಸುವಾಗ ಈ ಅರ್ಥಗಳನ್ನೇ ಬಳಸತಕ್ಕದ್ದು:
(ಅ) 'ಆಯ್ತದೆ ಬುಡಿ ಸಾ': ಕೆಲಸ ಆರಂಭವಾಗಿಲ್ಲ.
(ಆ) 'ಇನ್ನೇನು, ಆಗೋಯ್ತು ಕಣ್ರೀ': ಜಲ್ಲಿ ಬಂದಿಲ್ಲ.
(ಇ) 'ದಸರಾ ಒಳಗೆ ಮುಗಿಸ್ಕೊಟ್ಬುಡ್ತೀನಿ': ಯಾವ ವರ್ಷದ ದಸರಾ ಎಂದು ಲಿಖಿತವಾಗಿ ಕೇಳತಕ್ಕದ್ದು. ಹೀಗೆ ಕೇಳಿದ್ದಕ್ಕೆ ಶ್ರೀ ಗೋವಿಂದರಾಜು ಅವರು ನೊಂದು, 'ದಸರಾನೇ ನಂಬ್ದಿದ್ ಮ್ಯಾಲೆ ನನ್ ಎಂಗ್ ನಂಬೀರಿ ಸಾ' ಎಂದಿರುವುದನ್ನು ದಾಖಲಿಸಲಾಗಿದೆ.

4. ಮೇಸ್ತ್ರಿ ಶ್ರೀ ಕಾಳಯ್ಯ ಅವರು ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟ ಹತ್ತಿದರು. ಶನಿವಾರಗಳಂದು, 'ಮೆಟ್ಲು ಹತ್ತಿ ಹತ್ತಿ ಮೀನಖಂಡ ಹಿಡ್ಕಂಡದೆ, ಇವತ್ತು ಮೆಟ್ಲು ಅಂತ ಹೆಸ್ರೆತ್ತಬ್ಯಾಡಿ' ಎಂದು ಹೇಳಿಕಳುಹಿಸಿದರು. ಭಾನುವಾರ ರಜೆ. ವಾರದ ಉಳಿದ ದಿನಗಳ ಬಗ್ಗೆ ವಿಚಾರಿಸುವ ಧೈರ್ಯ ಶಾಖೆಗೆ ಇರಲಿಲ್ಲ.

5. ಶ್ರೀಮತಿ ಪದ್ಮಾವತಿ, ಬೆರಳಚ್ಚುಗಾರರು, ಇವರಿಗೆ ಮಂಡಿನೋವಿದ್ದು ಏಣಿ ಹತ್ತಲಾಗದು. ಆದ್ದರಿಂದ ಅವರು ರಾಮಕೃಷ್ಣನಗರದಿಂದ ಬಸ್ಸಿನಲ್ಲಿ ವೇಳೆಗೆ ಸರಿಯಾಗಿ ಬಂದು, ಅಂಗಳದ ಹೊಂಗೆ ಮರದ ಕೆಳಗೆ ಕುಳಿತು, ಹಗ್ಗದಲ್ಲಿ ಇಳಿಸಿದ ಕಾಗದಗಳನ್ನೆಲ್ಲ ಟೈಪ್ ಮಾಡಿ ಹಗ್ಗದಲ್ಲೇ ಮೇಲಕ್ಕೆ ಕಳುಹಿಸಿರುತ್ತಾರೆ. ಹಾಜರಾತಿ ಯಂತ್ರವು ಮೇಲಿರುವ ಕಾರಣ ಅವರು ಸತತವಾಗಿ ಗೈರುಹಾಜರಾಗಿರುತ್ತಾರೆ. ನಿಯಮದಂತೆ, ತಾವು ಎಲ್ಲಿದ್ದೀರೆಂದು ಕೇಳಿ, ತಿಂಗಳ ಕೊನೆಯೊಳಗೆ ಹಾಜರಾಗದಿದ್ದಲ್ಲಿ ಸೇವೆಯಿಂದ ತೆಗೆದುಹಾಕಲಾಗುವುದೆಂದು ಅವರಿಗೆ ಅಂತಿಮ ನೋಟಿಸು ನೀಡಲಾಯಿತು. ಸದರಿ ನೋಟಿಸನ್ನು ಟೈಪ್ ಮಾಡಿದವರು ಅವರೇ. ಕಾಗುಣಿತ ದೋಷ ಕಂಡುಬಂದಿರುವುದಿಲ್ಲ.

6. ನೋಟಿಸು ಹಗ್ಗದಲ್ಲಿ ಸಹಿಗಾಗಿ ಮೇಲೆ ಬಂದಾಗ ಅದನ್ನು ಎಳೆದುಕೊಂಡವರು ಶ್ರೀ ಸಿದ್ದೇಶ್. ತಾವು ಒತ್ತಿದ ಒಂದು 'ಓಕೆ' ಎಲ್ಲಿಗೆ ಬಂದು ಮುಟ್ಟಿತೆಂದು ಅವರಿಗೆ ಆಗ ಹೊಳೆಯಿತು. ಹೊಳೆದದ್ದಕ್ಕೆ ಕಡತದಲ್ಲಿ ಅವಕಾಶವಿಲ್ಲವಾದರೂ, ಮುಖ ಕಂಡ ಸಹೋದ್ಯೋಗಿಗಳ ಹೇಳಿಕೆ ಮೇರೆಗೆ ಸೇರಿಸಲಾಗಿದೆ. ಅವರು ಕಿಟಕಿಯಿಂದ ಬಗ್ಗಿ, ಚಾರ್ಟನ್ನು ಮತ್ತೊಮ್ಮೆ ತಿದ್ದುವುದಾಗಿಯೂ, ಈ ಸಲ ಮೆಟ್ಟಿಲನ್ನೇ ಎಲ್ಲಕ್ಕಿಂತ ಮುಂದಕ್ಕೆ ಹಾಕುವುದಾಗಿಯೂ ಭರವಸೆ ನೀಡಿದರು. ಅದಕ್ಕೆ ಶ್ರೀಮತಿ ಪದ್ಮಾವತಿಯವರ ಉತ್ತರ ಯಥಾವತ್ತಾಗಿ:

'ಎಲ್ಲಿದೀನಿ ಅಂತ ನೋಟಿಸಲ್ಲಿ ಕೇಳಿದೀರಲ್ಲ ಸಾರ್, ನಿಮ್ಮ ಕಿಟಕಿ ಕೆಳಗೇ ಇದೀನಿ ನೋಡ್ಕೊಳಿ. ಮೆಟ್ಲು ನಿಮ್ಗೆ ಯಾವಾಗ ಬೇಕೋ ಆವಾಗ ಕಟ್ಕೊಳಿ. ಆ ಮಿಷನ್ನ ಕೆಳಗೆ ತಂದ್ಬುಡಿ. ಅದಕ್ಕೇನು ಮಂಡಿ ನೋವಾ?'

7. ಈ ಸಲಹೆ ಯಾವ ಚಾರ್ಟಿನಲ್ಲೂ ಇರಲಿಲ್ಲ. ಆದರೂ ಶ್ರೀ ಸಿದ್ದೇಶ್ ಅವರು ಅನುಮತಿ ಪಡೆಯದೆ, ಅಂದಾಜುಪಟ್ಟಿ ಇಲ್ಲದೆ, ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಏಣಿ ಇಳಿದರು. ನಡುವೆ ಒಮ್ಮೆ ಜಾರಿದರು, ಯಂತ್ರಕ್ಕೆ ಪೆಟ್ಟಾಗಿಲ್ಲ. ಅವರ ಮೊಣಕೈ ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಯೋಜನೆಯಿಲ್ಲದೆ ನಡೆದ ಕೆಲಸವೊಂದು ಅಂದೇ ಮುಗಿದಿರುವುದು ಶಾಖೆಯ ಘನತೆಗೆ ಕುಂದಾದ್ದರಿಂದ, ಇದನ್ನು ಪೂರ್ವಯೋಜಿತವೆಂದು ಹಿಂದಿನ ದಿನಾಂಕದಿಂದ ಚಾರ್ಟಿಗೆ ಸೇರಿಸತಕ್ಕದ್ದು.

8. ಯಂತ್ರವನ್ನು ಹೊಂಗೆ ಮರದ ಕಾಂಡಕ್ಕೆ ಬಿಗಿಯಲಾಗಿದೆ. ಶ್ರೀಮತಿ ಪದ್ಮಾವತಿಯವರು ಬೆರಳೊತ್ತಿದರು. ಯಂತ್ರ ಅವರನ್ನು ಗುರುತಿಸಿತು. ಅವರನ್ನು ದಿನವೂ ಕಿಟಕಿಯಿಂದ ಕಂಡಿರುವುದಾಗಿ ಕೆಳಗೆ ಸಹಿ ಮಾಡಿರುವವರು ದೃಢೀಕರಿಸಿದ್ದರಿಂದ, ಹಿಂದಿನ ದಿನಗಳನ್ನೂ ಹಾಜರಿಯೆಂದೇ ಪರಿಗಣಿಸಿ ನೋಟಿಸನ್ನು ಹಿಂಪಡೆಯಲಾಗಿದೆ.

9. ಮರುದಿನ ಬೆಳಿಗ್ಗೆ ಮರದಡಿ ಬೆರಳೊತ್ತಿದ ಮೇಲೆ, ಏಣಿ ಹತ್ತಲು ಸಕಾರಣವೇನೆಂದು ಉಳಿದ ಸಿಬ್ಬಂದಿಗೆ ತೋಚಲಿಲ್ಲ. ಕುರ್ಚಿಗಳು ಹಗ್ಗದಲ್ಲಿ ಇಳಿದವು. ಈಗ ಮೇಲಿನ ಮಹಡಿಯಲ್ಲಿ ಯಾರೂ ಇಲ್ಲ. ಹತ್ತುವವರಿಲ್ಲದ ಕಾರಣ ಮೆಟ್ಟಿಲಿನ ಅಗತ್ಯವಿಲ್ಲವೆಂದು ತೀರ್ಮಾನಿಸಿ, ಚಾರ್ಟಿನಲ್ಲಿ ಹಸಿರನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಕಾಮಗಾರಿ ಪೂರ್ಣಗೊಂಡಿದೆ.

ಸಹಿ/-
(ಸಿದ್ದಲಿಂಗಸ್ವಾಮಿ)
ಕಾರ್ಯಪಾಲಕ ಎಂಜಿನಿಯರ್
ಶಿಬಿರ: ಹೊಂಗೆ ಮರ

ಪ್ರತಿಗಳು:
1. ಮೇಲಧಿಕಾರಿಗಳಿಗೆ: ಪರಿಶೀಲನೆಗೆ ಇನ್ನು ನೆಲದ ಮೇಲೆಯೇ ಬರಬಹುದೆಂಬ ಕೋರಿಕೆಯೊಂದಿಗೆ.
2. ಶ್ರೀ ಗೋವಿಂದರಾಜು, ಗುತ್ತಿಗೆದಾರರು: 'ಆಯ್ತದೆ ಬುಡಿ' ಎಂದು ಸ್ವೀಕೃತಿ ನೀಡಿದ್ದಾರೆ.
3. ಶ್ರೀ ಸಿದ್ದೇಶ್: ಊಟದ ನಂತರ ಓದತಕ್ಕದ್ದು.
4. ಶ್ರೀಮತಿ ಪದ್ಮಾವತಿ: ಟೈಪ್ ಮಾಡುವಾಗಲೇ ಓದಿಕೊಂಡಿದ್ದಾರೆ.
5. ಮೇಲಿನ ಮಹಡಿಯ ಸೂಚನಾ ಫಲಕ: ಹಚ್ಚಲು ಯಾರೂ ಮೇಲೆ ಹೋಗಲಿಲ್ಲ.