ನಳದ ಹೋರಾಟ, ನನ್ನ ವೆಲ್ಡಿಂಗ್

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ನಾನು ವೆಲ್ಡಿಂಗ್ ಮಾಡಿದ ಗೇಟು ಇಂದಿನವರೆಗೆ ಬೆಸುಗೆ ಬಿಟ್ಟದ್ದಿಲ್ಲ! ಅನಗೋಳದ ನಮ್ಮ ಓಣಿಯಲ್ಲಿ ನಳ ಒಣಗಿದಾಗ ನಾಯಕತ್ವ ಸಹಜವಾಗಿಯೇ ನನಗೆ ಬಂತು.

"ಅರ್ಜಿ ಕೊಟ್ಟು ಸಾಕಾತು. ಓಣಿ ಬಂದ್ ಮಾಡೂಣು. ಜಗಳಾ ಮಾಡಿದ್ರಷ್ಟ ಸರಕಾರಕ್ಕ ಕಿವಿ ಕೇಳ್ತಾವ!" ಎಂದೆ ಓಣಿಯ ಸಭೆಯಲ್ಲಿ.

ಪಕ್ಕದ ಮನೆಯ ಪಾಟೀಲ ಕಾಕಾ ಎದ್ದು ನಿಂತರು. "ನನ್ನ ಪೂರ್ಣ ಬೆಂಬಲ ಐತಿ. ಮೊದಲ ನನ್ನ ಸ್ಕೂಟರ್ ಹೊರಗ ತಗೀತೀನಿ, ಆಮ್ಯಾಲ ಬಂದ್ ಮಾಡ್ರಿ."

ಹೆಂಡತಿಗೆ ಕ್ರಾಂತಿಯ ಗಂಧವಿಲ್ಲ. "ನಾಳೆ ಮಗಳ ಕುಬಸ ಐತಿ, ನೆನಪೈತೇನ್ರಿ? ಬಸುರಿ ಹುಡುಗಿಗೆ ಉಡಿ ತುಂಬಾಕ ಖಾನಾಪುರದ ಬೀಗರು ಬರ್ತಾರ. ಕೈ ತೊಳ್ಯಾಕ ನೀರಿಲ್ಲ!"

"ಅದಕ್ಕ ನಾಳೆನ ಹೋರಾಟ!"

ಬೆಳಿಗ್ಗೆ ನನ್ನ ವೆಲ್ಡಿಂಗ್ ಅಂಗಡಿಯಲ್ಲಿದ್ದ ದೊಡ್ಡ ಗೇಟನ್ನು ಓಣಿಗಿದ್ದ ಒಂದೇ ಬಾಯಿಗೆ ನಿಲ್ಲಿಸಿದೆ. ಪೊಲೀಸರು ಎಳೆದು ಹಾಕಿದರೆ? ಎರಡೂ ಬದಿಯ ಕಬ್ಬಿಣದ ಕರೆಂಟ್ ಕಂಬಗಳಿಗೆ ಗಟ್ಟಿಯಾಗಿ ಬೆಸುಗೆ ಹಾಕಿದೆ. ಹೋರಾಟಕ್ಕೂ ಗುಣಮಟ್ಟ ಬೇಕು!

ಘೋಷಣೆ ಕೂಗಿ ಗಂಟಲು ಬಿಸಿಯಾಗುವಷ್ಟರಲ್ಲಿ ನೀರಿನ ಇಲಾಖೆಯ ಇಂಜಿನಿಯರ್ ಸಾಹೇಬರು ಓಡಿಬಂದರು. "ಹೊಸಾ ಪೈಪ್ ತಂದೀನ್ರಿ. ಗೇಟ್ ತಗದು ಗಾಡಿ ಒಳಗ ಬಿಡ್ರಿ."

ವಿಜಯ! ಕಟ್ಟಿಂಗ್ ಮಷಿನ್ನಿನ ಗುಂಡಿ ಒತ್ತಿದೆ. ಸದ್ದಿಲ್ಲ. ಯಾವನೋ ಹುಚ್ಚ ಕಂಬಕ್ಕೆ ವೆಲ್ಡಿಂಗ್ ಮಾಡಿದ್ದಾನೆಂದು ದೂರು ಹೋಗಿ, ಲೈನ್‌ಮನ್ ಇಡೀ ಓಣಿಯ ಕರೆಂಟ್ ತೆಗೆದಿದ್ದ!

ಆಗಲೇ ಬೀಗರ ಗಾಡಿ ಬಂತು. ಹಸಿರು ಸೀರೆ, ಬಳೆ ಹಿಡಿದು ಬೀಗತಿ ಇಳಿದರು.

"ಅಹೋ ಬೀಗರ, ಹೇ ಕಾಯ? ಏನಿದು? ಒಳಗ ಕರಕೊಳ್ಳೂ ಮನಸ್ಸಿಲ್ಲೇನು?"

"ಹಂಗಲ್ರಿ ಅಕ್ಕಾರ. ಹೋರಾಟ ನಡದೈತಿ."

"ಯಾರ ವಿರುದ್ಧ?"

ಬೇಡಿಕೆ ಒಪ್ಪಿದ ಇಂಜಿನಿಯರ್ ನನ್ನನ್ನೇ ನೋಡುತ್ತಿದ್ದರು. ನಾನು ಸತ್ತ ಮಷಿನ್ನಿನ ಗುಂಡಿಯನ್ನೇ ಮತ್ತೊಮ್ಮೆ ಒತ್ತಿದೆ.

ಬೀಗತಿ ರಸ್ತೆಯಲ್ಲೇ ಜಮಖಾನೆ ಹಾಸಿ ಕುಳಿತರು. "ಗೇಟ್ ತಗಿಯೂತನಾ ಏಳಂಗಿಲ್ಲ! ಬೀಗರಿಗೆ..."

"ಧಿಕ್ಕಾರ!" ಎಂದದ್ದು ಇಂಜಿನಿಯರ್. ಬೀಗತಿಯ ಪಕ್ಕದಲ್ಲಿ ಹೋಗಿ ಕುಳಿತವರು ಪಾಟೀಲ ಕಾಕಾ. ಓಣಿಯ ಒಳಗಿನಿಂದ ಅದಕ್ಕಿಂತ ಗಟ್ಟಿಯಾದ ಧ್ವನಿ ಬಂತು. ಅದು ನನ್ನ ಹೆಂಡತಿಯದು!

ಕೈಗರಗಸ ಹಿಡಿದು ಕುಳಿತೆ. ನನ್ನ ಬೆಸುಗೆ ಅಷ್ಟು ಸುಲಭಕ್ಕೆ ಮಣಿಯುವುದೇ? ಕೊನೆಗೆ ಮಗಳನ್ನು ಗೇಟಿನ ಒಳಬದಿಗೇ ಕುರ್ಚಿ ಹಾಕಿ ಕೂರಿಸಿದರು. ಸರಳುಗಳ ನಡುವೆ ಕೈ ತೂರಿಸಿ ಬೀಗತಿ ಬಳೆ ತೊಡಿಸಿದರು, ಉಡಿ ತುಂಬಿದರು. ಆರತಿ ಹಾಡಿಗೆ ನನ್ನ ಗರಗಸದ್ದೇ ತಾಳ!

ಸಂಜೆ ಗೇಟು ಬಿತ್ತು. ಪೈಪ್ ಒಳಗೆ ಹೋಯಿತು. ನಳದಲ್ಲಿ ನೀರೂ ಬಂತು.

ಎದುರುಬದುರು ನಿಂತು ಹೋರಾಡಿದರೆ ಮಾತ್ರ ಕೆಲಸವಾಗುತ್ತದೆ ಎಂಬುದನ್ನು ಈಗ ಇಡೀ ಓಣಿ ಒಪ್ಪಿದೆ. ಮುಂದಿನ ಹೋರಾಟ ಗಟಾರಕ್ಕಾಗಿ. ನಾಯಕತ್ವಕ್ಕೆ ಖಾನಾಪುರದಿಂದ ಬೀಗತಿಯನ್ನೇ ಕರೆಸುತ್ತಾರಂತೆ. ನನಗೂ ಒಂದು ಜವಾಬ್ದಾರಿ ಕೊಟ್ಟಿದ್ದಾರೆ.

ಆ ದಿನ ನಾನು ಊರಲ್ಲಿರಬಾರದು!